ಕತ್ತಲಿ ಬರ್ತದ, ಕತ್ತಲಿ ಕುಂತದ

ನನಗೆ ಕೆಲಸ ಸಿಕ್ಕ ದಿನ ಅವ್ವ ಕೇಳಿದ ಮೊದಲ ಪ್ರಶ್ನೆ, "ಏನ್ ಕೆಲಸ ಬೇ?" ಎಂದು. "ಕೋಡ್ ಹಚ್ಚೋದು" ಅಂದೆ. "ಯಾವ ದನಕ್ಕ?" ಅಂದಳು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪ ನಕ್ಕ ನಗೆಗೆ ಅಕ್ಕಪಕ್ಕದ ಮನೆಯವರೆಲ್ಲ ಇಣುಕಿ ನೋಡಿದರು. ನನಗೆ ಸಿಟ್ಟು ಬಂತು. ನಮ್ಮ ಓಣಿಯಲ್ಲಿ ಬಿ.ಎಸ್ಸಿ. ಪಾಸಾದ ಮೊದಲ ಹುಡುಗಿ ನಾನು. ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಮೂಟೆ ಹೊತ್ತು ಓದಿಸಿದ ಅಪ್ಪ, ಬುದ್ಧನ ಪಟದ ಮುಂದೆ ನನ್ನ ಅಂಕಪಟ್ಟಿ ಇಟ್ಟು ಕೈಮುಗಿದಿದ್ದ. ಅಂಥವಳು ದನಕ್ಕೆ ಕೋಡು ಹಚ್ಚುವುದೇ? ಆದರೆ ಏನು ಕೆಲಸ ಅಂತ ಬಿಡಿಸಿ ಹೇಳುವುದು ನನಗೂ ಸುಲಭ ಇರಲಿಲ್ಲ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ಎದೆರೋಗಕ್ಕೆ, ಅಂದರೆ ಕ್ಷಯಕ್ಕೆ, ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳುವುದರ ಬದಲು ನಾಲ್ಕು ಬಗೆಯ ಗುಳಿಗೆ ಕೂಡಿಸಿ ಕೊಟ್ಟರೆ ಬೇಗ ವಾಸಿಯಾಗುತ್ತದೆಯೇ ಎಂದು ಒಂದು ಸಂಸ್ಥೆ ಪರೀಕ್ಷೆ ನಡೆಸುತ್ತಿತ್ತು. ಕಚೇರಿ ರಾಯಚೂರಿನಲ್ಲಿ, ರೋಗಿಗಳು ಮಾನ್ವಿ, ದೇವದುರ್ಗದ ಕಡೆಯವರು. ಗುಳಿಗೆ ನುಂಗಿದ ಮೇಲೆ ಅವರಿಗೆ ಏನೇನು ತ್ರಾಸಾಯಿತು ಎಂದು ಕೇಳಿ ಹಳ್ಳಿ ತಿರುಗುವ ಇನ್‌ಸ್ಪೆಕ್ಟರುಗಳು ಫಾರಂ ತುಂಬಿ ತರುತ್ತಿದ್ದರು. ಪರದೇಶದಿಂದ ಬಂದ ಒಂದು ದಪ್ಪ ಪುಸ್ತಕದಲ್ಲಿ ಲೋಕದಲ್ಲಿರುವ ತ್ರಾಸುಗಳಿಗೆಲ್ಲ ಒಂದೊಂದು ಹೆಸರು, ಒಂದೊಂದು ಕೋಡ್ ಇತ್ತು. ನಮ್ಮ ಮಂದಿಯ ಮಾತನ್ನು ಆ ಪುಸ್ತಕದ ಹೆಸರಿಗೆ ಹೊಂದಿಸಿ ಕೋಡ್ ಬರೆಯುವುದು ನನ್ನ ಕೆಲಸ.

ಹೊಂದಿಸುವುದು ಅಂದರೆ ಹುಡುಗಾಟವಲ್ಲ. "ಹೊಟ್ಟಿ ತೊಳಸ್ತದ" ಅಂದರೆ ವಾಕರಿಕೆ, ಸರಿ. "ಎದಿ ಧಡಧಡ ಅಂತದ", ಅದಕ್ಕೂ ಒಂದು ಕೋಡ್ ಸಿಕ್ಕಿತು. ಆದರೆ ರೋಗಿಗಳಲ್ಲಿ ಅರ್ಧ ಜನ "ಗುಳಿಗಿ ಉಷ್ಣ ಆಗ್ಯಾವ್ರಿ" ಎನ್ನುತ್ತಿದ್ದರು. ಆ ಪುಸ್ತಕ ಬರೆದವರ ದೇಶದಲ್ಲಿ ಉಷ್ಣ ಎಂಬುದೇ ಇರಲಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಒಂದು ವಾರ ಅವರನ್ನು ತಂದು ಕೂರಿಸಿದ್ದರೆ ಉಷ್ಣಕ್ಕೊಂದು ಕೋಡ್ ತಾನಾಗಿ ಹುಟ್ಟುತ್ತಿತ್ತು ಎಂದು ನಾನು ಗೊಣಗುತ್ತಿದ್ದೆ. "ಜೀವ ಕಸಿವಿಸಿ" ಅಂದವರನ್ನು ಎಲ್ಲಿ ಹಾಕಲಿ? "ಕೈಕಾಲಾಗ ಜೀವಿಲ್ಲ" ಅಂದವರಿಗೆ ಜೋಮು ಹಿಡಿದಿದೆಯೋ, ದಣಿವಾಗಿದೆಯೋ? ಇಂಥ ಮಾತುಗಳನ್ನೆಲ್ಲ ತಿಂಗಳಿಗೊಮ್ಮೆ ಮೇಜಿನ ಮೇಲೆ ಹರವಿಕೊಂಡು, ಇಂಥ ಮಾತಿಗೆ ಇಂಥ ಕೋಡ್ ಎಂದು ಗೊತ್ತು ಮಾಡುತ್ತಿದ್ದೆವು. ಒಮ್ಮೆ ಗೊತ್ತು ಮಾಡಿದರೆ ಮುಗಿಯಿತು, ಬದಲಿಸುವಂತಿರಲಿಲ್ಲ.

ಆ ನಿಯಮ ನಮ್ಮ ಡಾಕ್ಟರದು. ತಮಿಳುನಾಡಿನವರು, ತೆಳ್ಳಗೆ, ಸದಾ ಇಸ್ತ್ರಿಯ ಅಂಗಿ. ಕನ್ನಡವನ್ನು ಪುಸ್ತಕದಿಂದ ಕಲಿತು ಪುಸ್ತಕದಂತೆಯೇ ಮಾತಾಡುತ್ತಿದ್ದರು. "ಒಂದೇ ತೊಂದರೆಗೆ ಇಲ್ಲಿ ಒಂದು ಹೆಸರು, ಇನ್ನೊಂದು ಊರಿನಲ್ಲಿ ಇನ್ನೊಂದು ಹೆಸರು ಇಟ್ಟರೆ ಅವು ಎಂದೂ ಒಟ್ಟುಗೂಡುವುದಿಲ್ಲ ಅಮ್ಮಾ. ಒಟ್ಟುಗೂಡದಿದ್ದರೆ ಔಷಧದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಅದಕ್ಕೇ ನನಗೆ ಇನ್ನಷ್ಟು ಕಿರಿಕಿರಿಯಾಗುತ್ತಿತ್ತು.

ಅಂಥ ಒಂದು ಸಭೆಯಲ್ಲಿ "ಕಣ್ಣಿಗಿ ಕತ್ತಲಿ ಬರ್ತದ" ಎಂಬ ಮಾತು ಬಂತು. ಡಾಕ್ಟರು ತಲೆ ಎತ್ತಿದರು. ನಾಲ್ಕು ಗುಳಿಗೆಗಳಲ್ಲಿ ಒಂದು ಕಣ್ಣಿನ ನರಕ್ಕೆ ಬಡಿಯುವ ಭಯವಿದೆ ಎಂದು ತರಬೇತಿಯಲ್ಲಿ ಅವರೇ ಹೇಳಿದ್ದರು. "ಕಣ್ಣು, ಕತ್ತಲೆ. ಇದು ದೃಷ್ಟಿಯ ತೊಂದರೆ ಅಲ್ಲವೇ?" ಎಂದು ಕೇಳಿದರು. ಫಾರಂ ತುಂಬುವ ಹಿರಿಯ ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಲ್ಲೆಸುಗೂರಿನವರು, ಹಳ್ಳಿ ಹಳ್ಳಿ ತಿರುಗಿ ಕಾಲು ಸವೆಸಿದವರು. "ಅಲ್ರೀ ಸಾಹೇಬ್ರ, ಕಣ್ಣಿಗೇನೂ ಆಗಿರಂಗಿಲ್ಲ. ಹೊಟ್ಟಿಗಿ ಕೂಳಿಲ್ಲದಾಗ, ಬಿಸಲಾಗ ನಿಂತಾಗ ನಮ್ಮ ಮಂದಿಗಿ ಕತ್ತಲಿ ಬರ್ತದ. ತಲಿ ತಿರುಗೋದ್ರೀ ಅದು" ಅಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನೂ ಹೌದೆಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ರಾಯಚೂರಿನಿಂದ ಲಿಂಗಸೂಗೂರಿನವರೆಗೆ ಯಾರನ್ನು ನಿಲ್ಲಿಸಿ ಕೇಳಿದರೂ ಆ ಮಾತಿಗೆ ಅದೇ ಅರ್ಥ. ಕನ್ನಡ ಬಾರದವನು ಮಾತ್ರ ಅದನ್ನು ಕಣ್ಣಿನ ರೋಗ ಅಂದುಕೊಂಡಾನು. ಕತ್ತಲಿ ಅಂದರೆ ತಲೆಸುತ್ತು ಎಂದು ಗೊತ್ತು ಮಾಡಿದೆವು, ಕೋಡ್ ಬಿತ್ತು.

ಅದು ಆ ವರ್ಷದ ಮೆಣಸಿನಕಾಯಿ ಬಿಡಿಸುವ ಕಾಲ. ದೇವದುರ್ಗದ ದವಾಖಾನೆಯಲ್ಲಿ ಗುಳಿಗೆ ಹಂಚುವ ದಿನ ಅಲ್ಲಿಯ ನರ್ಸಮ್ಮ ರಜೆ ಹಾಕಿದ್ದರಿಂದ ನನ್ನನ್ನು ಕಳಿಸಿದರು. ಅಲ್ಲಿಯವರೆಗೆ ನಾನು ರೋಗಿಗಳನ್ನು ನೋಡಿದ್ದು ಕಡಿಮೆ. ಅವರ ಮಾತು ಇನ್‌ಸ್ಪೆಕ್ಟರ ಕೈಬರಹದಲ್ಲಿ, ಇಂಗ್ಲಿಷ್ ಸಿಗದ ಮಾತಷ್ಟೇ ಕನ್ನಡದಲ್ಲಿ ಉಳಿದು, ಮಿಕ್ಕದ್ದು ಇಂಗ್ಲಿಷಿಗೆ ತಿರುಗಿ ನನ್ನ ಮೇಜಿಗೆ ಬರುತ್ತಿತ್ತು. ಇನ್‌ಸ್ಪೆಕ್ಟರು ಕೇಳುತ್ತ ಹೋದರು, ನಾನು ಪಕ್ಕದಲ್ಲಿ ಕೂತು ಬರೆಯುತ್ತ ಹೋದೆ. ವರಾಂಡದ ತುಂಬ ಕೆಮ್ಮು, ಬೀಡಿಯ ವಾಸನೆ, ಬಸ್ಸು ತಪ್ಪೀತೆಂಬ ಗಡಿಬಿಡಿ.

ಸರದಿಯಲ್ಲಿ ಒಬ್ಬ ಹೆಂಗಸು ಬಂದಳು. ಮೂವತ್ತರ ಆಸುಪಾಸು, ಗಂಡ ಇದೇ ರೋಗದಲ್ಲಿ ಸತ್ತಿದ್ದ. ಅದೇ ಹಳ್ಳಿಯ ಇನ್ನೊಬ್ಬಳು ಅವಳ ಜೊತೆಗಿದ್ದಳು. ಇನ್‌ಸ್ಪೆಕ್ಟರು ಮಾಮೂಲಿನಂತೆ ಕೆಮ್ಮು ಕೇಳಿದರು, ಜ್ವರ ಕೇಳಿದರು, ಬಳಿಕ "ಕಣ್ಣು ಛಲೋ ಕಾಣ್ತಾವಿಲ್ಲವಾ?" ಎಂದು ಕೇಳಿದರು.

"ಕಣ್ಣಾಗ ಕತ್ತಲಿ ಕುಂತದ್ರೀ" ಅಂದಳು.

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗದೆ, "ಕತ್ತಲಿ ಬರ್ತದಂತ. ಹೋದ ಸಲದ್ದ ಅದು, ಬರಕೋ" ಅಂದರು.

ನನ್ನ ಪೆನ್ನು ನಿಂತಿತು. ಬರ್ತದ ಅಂದಿರಲಿಲ್ಲ ಅವಳು. ಬರುವ ಕತ್ತಲೆ ಹೋಗುತ್ತದೆ. ಒಂದು ಗುಟುಕು ನೀರು ಕುಡಿದರೆ, ನೆರಳಲ್ಲಿ ಕೂತರೆ ಹೋಗುತ್ತದೆ. ನನಗೂ ಬಂದಿದೆ, ನಮ್ಮ ಅವ್ವನಿಗಂತೂ ದಿನಾ ಬರುತ್ತಿತ್ತು. ಕುಂತ ಕತ್ತಲೆಯನ್ನು ನಾನು ಕೇಳಿದ್ದೇ ಇಲ್ಲ. ನೋಡಿದರೆ ಅವಳು ಗೋಡೆ ಹಿಡಿದಿರಲಿಲ್ಲ, ತೂರಾಡುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದಳು. ತಲೆ ತಿರುಗುವವರು ಹಾಗೆ ನಿಲ್ಲುವುದಿಲ್ಲ.

"ಯಾವಾಗ ಬರ್ತದ ಕತ್ತಲಿ? ಎದ್ದು ನಿಂತಾಗೇನು?" ಎಂದು ಕೇಳಿದೆ.

"ಯಾವಾಗ ಅಂದ್ರ? ಯಾವತ್ತೂ ಅದ. ನಟ್ಟನಡುವ ಕುಂತು ಬಿಟ್ಟದ. ಅಂಚಿನಾಗಷ್ಟ ಕಾಣ್ತದ."

ಜೊತೆಗೆ ಬಂದವಳು ನಡುವೆ ಬಾಯಿ ಹಾಕಿದಳು. "ಮೆಣಸಿನಕಾಯಿ ಆರಸಾಕ ಹೋದ್ರ ಹಸಿರುಗಾಯಿ ಎಲ್ಲಾ ಕೆಂಪಿನಾಗ ಒಗೀತಾಳ್ರೀ. ಕಣದವ್ರು ನಾಳಿಂದ ಬರಬ್ಯಾಡ ಅಂದ್ರು." ಸಾಲಿನಲ್ಲಿದ್ದ ಒಂದಿಬ್ಬರು ನಕ್ಕರು. ಅವಳು ನಗಲಿಲ್ಲ.

ದೇವದುರ್ಗದ ಕಡೆ ಹುಟ್ಟಿದವಳಿಗೆ ಮೆಣಸಿನಕಾಯಿಯ ಕೆಂಪು ಹಸಿರು ತಿಳಿಯದೆ ಹೋಗುವುದು ಅಂದರೇನು! ತರಬೇತಿಯ ಮಾತು ನೆನಪಾಯಿತು: ಆ ಗುಳಿಗೆ ಕಣ್ಣಿಗೆ ಬಡಿದರೆ ಬಣ್ಣದ ಗುರುತು ಕೆಡುತ್ತದೆ, ನಡುವಿನ ನೋಟ ಹೋಗುತ್ತದೆ, ಬೇಗ ನಿಲ್ಲಿಸದಿದ್ದರೆ ಹೋದದ್ದು ಹೋದಂತೆಯೇ. ಆ ಹೊತ್ತಿಗೆ ಇನ್‌ಸ್ಪೆಕ್ಟರು ಮುಂದಿನ ತಿಂಗಳ ಗುಳಿಗೆಯ ಪೊಟ್ಟಣ ಅವಳ ಕೈಗೆ ಕೊಟ್ಟಾಗಿತ್ತು.

"ಅದನ್ನ ಇಲ್ಲಿ ಕೊಡು" ಅಂದೆ.

"ಯಾಕ್ರೀ?"

"ಕೊಡು ಅಂದ್ರ ಕೊಡು. ಡಾಕ್ಟರ್ನ ಕೇಳಿ ಬ್ಯಾರೆ ತರ್ತೀನಿ."

ನನ್ನ ದನಿ ಮೊದಲೇ ಒರಟು, ಗಾಬರಿಯಾದಾಗ ಇನ್ನೂ ಗಟ್ಟಿ. ಅವಳು ಪೊಟ್ಟಣವನ್ನು ಸೆರಗಿನೊಳಗೆ ಎದೆಗೆ ಅವಚಿಕೊಂಡಳು. ನಾನು ಕೈ ಹಾಕಿದೆ. ಅವಳು ಹಿಂದೆ ಸರಿದಳು. "ನನ್ನ ಗಂಡ ನಡುವ ಗುಳಿಗಿ ಬಿಟ್ಟು ನೆತ್ತರ ಕಾರಿ ಸತ್ತಾನ್ರೀ. ಗುಳಿಗಿ ಕಸಗೊಂಡ್ರ ನಾನೂ ಸಾಯ್ತೀನಿ. ಕೊಡಂಗಿಲ್ಲ!" ಎಂದು ಚೀರಿದಳು. ವರಾಂಡದವರೆಲ್ಲ ನಮ್ಮತ್ತ ತಿರುಗಿದರು.

ನಾಲ್ಕರಲ್ಲಿ ಒಂದು ಕಣ್ಣು ತಿನ್ನುವುದು, ಉಳಿದವು ಜೀವ ಉಳಿಸುವವು. ಯಾವುದು ಯಾವುದೆಂದು ನನಗೆ ಖಾತ್ರಿಯಾಗಿ ಗೊತ್ತಿರಲಿಲ್ಲ. ನುಂಗಬೇಡ ಅಂದರೆ ಒಂದನ್ನೂ ನುಂಗುವುದಿಲ್ಲ, ಎದೆ ಮತ್ತೆ ಕೆಡುತ್ತದೆ. ನುಂಗು ಅಂದರೆ ಕಣ್ಣು. ಇನ್‌ಸ್ಪೆಕ್ಟರು ನನ್ನ ರಟ್ಟೆ ಹಿಡಿದು ಕೂರಿಸಿದರು. "ನೀ ಏನ್ ಡಾಕ್ಟರ್ ಏನವಾ? ಕೋಡ್ ಬರಿಯೋ ಕೆಲಸ ನಿಂದು. ಮಂದಿ ನೋಡಾಕತ್ತಾರ. ನಾಳಿಗಿ ಒಬ್ಬರೂ ಗುಳಿಗಿಗಿ ಬರಂಗಿಲ್ಲ" ಅಂದರು. ಅವರು ಕೆಟ್ಟವರಲ್ಲ, ಒಬ್ಬೊಬ್ಬ ರೋಗಿಯ ಮನೆ ಬಾಗಿಲಿಗೆ ಹೋಗಿ, ಕೈಕಾಲು ಹಿಡಿದು, ಗುಳಿಗೆ ನುಂಗಿಸಿದವರು. ನಾವು ಜಗ್ಗಾಡುತ್ತಿರುವಾಗಲೇ ಬಸ್ಸಿನ ಹಾರನ್ ಕೇಳಿ ಆ ಇಬ್ಬರೂ ಹೋಗಿಬಿಟ್ಟರು. ಪೊಟ್ಟಣ ಅವಳ ಸೆರಗಿನಲ್ಲೇ ಇತ್ತು.

ಅಂಚೆ ಕಚೇರಿಗೆ ಓಡಿ ರಾಯಚೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಎಷ್ಟೋ ಹೊತ್ತಿನ ಮೇಲೆ ಲೈನು ಸಿಕ್ಕಿತು. ಡಾಕ್ಟರು ಮಾನ್ವಿಗೆ ಹೋಗಿದ್ದಾರೆ, ಇವತ್ತು ಅಲ್ಲೇ ಇರುತ್ತಾರೆ ಎಂದು ಕಚೇರಿಯವರು ಅಂದರು. ಸಿರವಾರದ ಮೇಲೆ ಮಾನ್ವಿಗೆ ಹೋಗುವ ಬಸ್ಸು ಹಿಡಿದೆ. ಆ ಬಸ್ಸು ನಿಲ್ಲದ ಕಡೆಯಿಲ್ಲ. ಕೈ ಎತ್ತಿದವರಿಗೆಲ್ಲ ನಿಂತಿತು, ಹತ್ತಿಯ ಚೀಲ ಏರಿಸಿಕೊಂಡಿತು, ಡ್ರೈವರು ಇಳಿದು ಚಹಾ ಕುಡಿದ. ನನಗೆ ಎಲ್ಲರ ಮೇಲೂ ಸಿಟ್ಟು: ಡ್ರೈವರನ ಮೇಲೆ, ಇನ್‌ಸ್ಪೆಕ್ಟರ ಮೇಲೆ, ಉಷ್ಣ ಗೊತ್ತಿಲ್ಲದ ಆ ಪುಸ್ತಕದ ಮೇಲೆ, ಪೊಟ್ಟಣ ಕೊಡದ ಆ ಹೆಂಗಸಿನ ಮೇಲೆ. ಸಿಟ್ಟಿನ ಕೆಳಗೆ ಇದ್ದದ್ದು ಭಯ. ಅವಳು ನಾಳೆ ಮುಂಜಾನೆ ಎದ್ದು ಮತ್ತೆ ಒಂದು ಹಿಡಿ ಗುಳಿಗೆ ಬಾಯಿಗೆ ಹಾಕಿಕೊಳ್ಳುತ್ತಾಳೆ.

ಮಾನ್ವಿಯಲ್ಲಿ ಡಾಕ್ಟರು ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೈ ತೊಳೆಯುತ್ತಿದ್ದರು. ನಾನು ಉಸಿರು ಬಿಡದೆ ಹೇಳಿದೆ: ಬರ್ತದ ಅಲ್ಲ, ಕುಂತದ, ಸುಮ್ಮನೆ ಕತ್ತಲಿ ಅಲ್ಲ, ನಟ್ಟನಡುವೆ ಕತ್ತಲಿ, ಮೆಣಸಿನಕಾಯಿ. ಅವರಿಗೆ ಎಷ್ಟು ತಿಳಿಯಿತೋ ಎಂದು ಮತ್ತೆ ಇಂಗ್ಲಿಷಿನಲ್ಲೂ ಹೇಳಿದೆ. ಅವರು ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದರು. "ಕಣ್ಣಿನ ತೊಂದರೆಯೇ ಎಂದು ನಾನು ಮೊದಲೇ ಕೇಳಿದ್ದೆನಲ್ಲ, ನೀವೇ ಅಲ್ಲ ಅಂದಿರಲ್ಲ" ಎಂದು ಅವರು ಅನ್ನಬಹುದಿತ್ತು. ಅನ್ನುತ್ತಾರೆಂದು ನಾನು ಜಗಳಕ್ಕೆ ಸಜ್ಜಾಗಿಯೇ ಇದ್ದೆ. "ಆ ಹಳ್ಳಿಗೆ ಜೀಪು ಹೋಗುತ್ತದೆಯೇ?" ಎಂದಷ್ಟೇ ಕೇಳಿದರು. ಆ ದಿನದಿಂದ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಜೀಪಿನ ಡ್ರೈವರು ಕಲ್ಲೂರಿನ ತನ್ನ ಮನೆಗೆ ಹೋಗಿಬಿಟ್ಟಿದ್ದ. ಅವನನ್ನು ಕರೆಸಿ ಹೊರಡುವಷ್ಟರಲ್ಲಿ ಬೆಳಗಾಯಿತು. ಹಳ್ಳಿ ಮುಟ್ಟಿದಾಗ ಅವಳು ಅಂಗಳದಲ್ಲಿ ಕೂತು ತಂಬಿಗೆಯ ನೀರಿನಲ್ಲಿ ಅಂದಿನ ಕೊನೆಯ ಗುಳಿಗೆ ನುಂಗುತ್ತಿದ್ದಳು. ನಾನು ಜೀಪಿನಿಂದ ಜಿಗಿದು "ಬ್ಯಾಡ!" ಎಂದು ಕೂಗಿದ್ದು ಮುಗಿಯುವ ಮೊದಲೇ ಗಂಟಲು ದಾಟಿತ್ತು. "ಒಂದು ದಿನದಿಂದ ಏನೂ ಆಗುವುದಿಲ್ಲ" ಎಂದು ಡಾಕ್ಟರು ನನಗೋ, ತಮಗೋ ಹೇಳಿಕೊಂಡರು. ಅವಳ ಎದುರು ನೆಲದ ಮೇಲೆ ಕೂತರು. ಜೇಬಿನಿಂದ ಒಂದು ಕೆಂಪು ಸೀಸದಕಡ್ಡಿ ತೆಗೆದರು, ಬೇವಿನ ಎಲೆಯೊಂದನ್ನು ಕಿತ್ತರು, ಎರಡನ್ನೂ ಅವಳ ಮುಂದೆ ಹಿಡಿದರು.

"ಯಾವುದು ಕೆಂಪು ಅಮ್ಮಾ?"

ಅವಳು ಕತ್ತು ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ, ಅಂಚಿನಿಂದ ನೋಡಿದಳು. "ಎರಡೂ ಬೂದಿ ಬಣ್ಣ ಅದಾವಲ್ರೀ" ಅಂದಳು.

ಡಾಕ್ಟರು ಅವಳ ಪೊಟ್ಟಣ ಬಿಚ್ಚಿ ಒಂದು ಬಗೆಯ ಗುಳಿಗೆಯನ್ನಷ್ಟೇ ಆರಿಸಿ ತೆಗೆದರು. ಇವನ್ನು ಬಿಟ್ಟು ಉಳಿದವನ್ನು ತಪ್ಪದೆ ನುಂಗಬೇಕು, ಕಣ್ಣು ಬಂದರೆ ನಿಧಾನವಾಗಿ ಬರುತ್ತದೆ, ಬರುತ್ತದೆಂದು ಖಾತ್ರಿ ಕೊಡಲಾರೆ ಎಂದರು. ಅವರ ಪುಸ್ತಕದ ಕನ್ನಡವನ್ನು ನಾನು ಅವಳ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅವಳು ನನ್ನ ದನಿ ಇದ್ದ ಕಡೆಗೆ ಮುಖ ತಿರುಗಿಸಿದಳು.

"ಹೋದ ಸಲಾನೂ ಹೇಳಿದ್ದೆ, ಅದರ ಹಿಂದಿನ ಸಲಾನೂ ಹೇಳಿದ್ದೆ. ಕಣ್ಣು ಹೋಗಿದ್ದು ನನಗ. ನಿಮ್ಮ ಕಿವಿಗೇನಾಗಿತ್ತು?"

ಡಾಕ್ಟರು ಏನಂದಳು ಎಂದು ಕೇಳಿದರು. ಆ ಮಾತನ್ನು ಮಾತ್ರ ನಾನು ಅವರಿಗೆ ತಿರುಗಿಸಿ ಹೇಳಲಿಲ್ಲ.

ರಾಯಚೂರಿಗೆ ಬಂದ ಮೇಲೆ ಕಚೇರಿಯಲ್ಲಿ ದೊಡ್ಡ ಜಗಳವೇ ಆಯಿತು. ಗೊತ್ತು ಮಾಡಿದ ಕೋಡ್ ಬದಲಿಸಿದರೆ ಮೊದಲಿನ ಲೆಕ್ಕವೆಲ್ಲ ಕೆಡುತ್ತದೆ ಎಂದು ಕೆಲವರು ಅಂದರು. ಆ ಪುಸ್ತಕವನ್ನೇ ಬಾವಿಗೆ ಎಸೆಯಿರಿ ಎಂದು ನಾನು ಕೂಗಾಡಿದೆ. ಡಾಕ್ಟರು ಪುಸ್ತಕ ಎಸೆಯಲು ಒಪ್ಪಲಿಲ್ಲ. "ಇವಳ ಕಣ್ಣಿನ ಸುದ್ದಿ ಈ ಪುಸ್ತಕದ ಹೆಸರಿನಲ್ಲಿ ಹೋದರೆ ಮಾತ್ರ ಬೇರೆ ಊರಿನ ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ಹೆಸರು ಇಡುವ ಮೊದಲು ರೋಗಿಗಳ ಮಾತು ಅವರ ಭಾಷೆಯಲ್ಲೇ, ಅಕ್ಷರ ಬಿಡದೆ, ಫಾರಂನಲ್ಲಿ ಇರಬೇಕು" ಅಂದರು. ಆ ವಾರದಿಂದ ಹಾಗೆಯೇ ಆಯಿತು. ಇನ್‌ಸ್ಪೆಕ್ಟರು ಗೊಣಗಿದರೂ ಬರೆದರು. ಬರೆಯತೊಡಗಿದ ಮೇಲೆ ಅವರು ರೋಗಿಯ ಮಾತು ಮುಗಿಯುವ ತನಕ ಕಾಯುವುದನ್ನು ನಾನೇ ನೋಡಿದೆ. ಹಳೆಯ ಕತ್ತಲಿಯವರನ್ನೆಲ್ಲ ಮತ್ತೆ ಕರೆಸಿ ಕೇಳಿದೆವು. ಉಳಿದವರದ್ದೆಲ್ಲ ಬಂದು ಹೋಗುವ ಕತ್ತಲೆಯೇ ಆಗಿತ್ತು.

ಇವಳ ಕತ್ತಲೆ ಮಾತ್ರ ಕೂತೇ ಇತ್ತು. ಪ್ರತಿ ಸಲ ದೇವದುರ್ಗಕ್ಕೆ ನಾನೇ ಹೋಗುತ್ತೇನೆಂದು ಹಟ ಹಿಡಿದೆ. ಅವಳು ಬರುತ್ತಿದ್ದಳು, ಅಷ್ಟೇ ಸಮಾಧಾನ. ಬಂದವಳು ಪೊಟ್ಟಣ ಬಿಚ್ಚಿ ಒಂದೊಂದೇ ಗುಳಿಗೆಯನ್ನು ಬೆರಳಿನಿಂದ ತಡವಿ, ಕಣ್ಣು ತಿನ್ನುವುದು ಸೇರಿಲ್ಲವಷ್ಟೇ ಎಂದು ಇನ್‌ಸ್ಪೆಕ್ಟರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ನನ್ನೊಡನೆ ಮಾತಿಲ್ಲ. ಡಾಕ್ಟರು ಬಂದಾಗ ಬೆರಳು ತೋರಿಸಿ ಎಷ್ಟು ಎಂದು ಕೇಳುವರು. ಅವಳು ಕತ್ತು ಓರೆ ಮಾಡುವಳು. ಬೇಸಿಗೆ ಕಳೆಯಿತು, ಬಿತ್ತನೆ ಮುಗಿಯಿತು. ಅವಳ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಕಣ್ಣಿನ ಸುದ್ದಿ ಮಾತ್ರ ಇಲ್ಲ. ಡಾಕ್ಟರು ಸಹ ನನ್ನ ಮುಖ ನೋಡುವುದನ್ನು ತಪ್ಪಿಸತೊಡಗಿದರು.

ಜೋಳ ತೆನೆ ಬಿಡುವ ಹೊತ್ತಿಗೆ ಒಂದು ದಿನ ಅವಳು ಸರದಿಯಲ್ಲಿ ಬಂದು ನಿಂತಳು. ನಾನು ತಲೆ ಬಗ್ಗಿಸಿಕೊಂಡೇ, ಎಂದಿನ ಒರಟು ದನಿಯಲ್ಲಿ, "ಕಣ್ಣು ಹ್ಯಾಂಗ ಅದಾವ?" ಎಂದು ಕೇಳಿದೆ. ಇವತ್ತೂ ಮಾತಾಡುವುದಿಲ್ಲವೇನೋ ಎಂದು ತಲೆ ಎತ್ತಿದೆ. ಅವಳು ಕತ್ತು ಓರೆ ಮಾಡಿರಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು, ಹಣೆಯಿಂದ ಗದ್ದದ ತನಕ, ಪರವೂರಿನವಳನ್ನು ನೋಡುವ ಹಾಗೆ.

"ಯವ್ವಾ, ಇಷ್ಟು ಸಣ್ಣ ಹುಡುಗಿ ಏನ ನೀನು?" ಅಂದಳು. "ದನಿ ಕೇಳಿ ನಾ ಯಾರೋ ಮುದುಕಿ ಅನ್ಕೊಂಡಿದ್ದೆ."